ಸುತ್ತಿಗೆಯೂ ಹಿಮದ ಮೇಲಿನ ಬಂಡೆಯೂ

ದಕ್ಷಿಣ ಧ್ರುವದ ಹಿಮನಾಡು ಹೇಗೆ ಹುಟ್ಟಿತೆಂದು ತಿಳಿಯಲು ಭೂವಿಜ್ಞಾನಿ ಇಂದುಮತಿ ಅಲ್ಲಿನ ಕಲ್ಲುಗಳ ನಕಾಶೆ ಬರೆಯುತ್ತಿದ್ದಳು. ಅವಳ ಸುತ್ತಿಗೆ ಒಪ್ಪದ ಕಲ್ಲನ್ನು ಪೆನ್ಸಿಲು ಬರೆಯುವಂತಿರಲಿಲ್ಲ.

ಒಂದು ದಿನ ಆನೆಗಾತ್ರದ ಬಂಡೆಯೊಂದು ಅವರನ್ನು ತಡೆಯಿತು. “ಈ ನೆಲದ ಹಿರಿಯ ನಾನೇ. ಮೊದಲು ನನ್ನನ್ನು ಬರೆದುಕೊಳ್ಳಿ!”

ಪೆನ್ಸಿಲು ಆಗಲೇ ಗೆರೆ ಎಳೆಯಲು ಹೊರಟಿತ್ತು.

“ತಾಳಪ್ಪ, ಇಲ್ಲಿ ತಪ್ಪಿದರೆ ಇಡೀ ಖಂಡದ ಕಥೆಯೇ ತಪ್ಪುತ್ತದೆ,” ಎಂದ ಸುತ್ತಿಗೆ ಬಂಡೆಯ ಬುಡ ಕೆದಕಿತು. ಅಡಿಯಲ್ಲೂ ಬರೀ ಹಿಮ. “ಸ್ವಾಮಿ, ತಮ್ಮ ಬುಡ ಎಲ್ಲಿದೆ?”

“ನನ್ನ ಗಾತ್ರ ಕಾಣಿಸುವುದಿಲ್ಲವೇ?” ಬಂಡೆ ಗದರಿತು.

“ಕಾಣಿಸುತ್ತದೆ. ನಾನು ಕೇಳಿದ್ದು ಅದನ್ನಲ್ಲ.”

ಪಕ್ಕದಲ್ಲೇ ಗೇಣುದ್ದದ ಕಲ್ಲೊಂದು ಹಿಮದಿಂದ ತಲೆ ಹೊರಹಾಕಿತ್ತು. ಸುತ್ತಿಗೆ ಅದನ್ನು ತಟ್ಟಿತು. ಖಣ್ಣೆಂಬ ಸದ್ದು ನೆಲದಾಳಕ್ಕೆ ಇಳಿಯಿತು.

“ಈ ನೆಲ ಕಡಲು ದಾಟಿ ಎಲ್ಲೆಲ್ಲೋ ಅಲೆದಿದೆ. ಅದು ಹೋದಲ್ಲಿಗೆಲ್ಲ ನಾನೂ ಹೋಗಿದ್ದೇನೆ. ಅದನ್ನು ಬಿಟ್ಟು ಎಲ್ಲಿಗೂ ಹೋದವನಲ್ಲ,” ಎಂದಿತು ಕಲ್ಲು.

“ಬರೆದುಕೋ,” ಎಂದಿತು ಸುತ್ತಿಗೆ.

ಮರುವರ್ಷ ಅವರು ಬಂದಾಗ ಕಲ್ಲು ನಕಾಶೆಯಲ್ಲಿದ್ದ ಜಾಗದಲ್ಲೇ ಇತ್ತು. ಹಿಮದ ಜೊತೆ ಜಾರಿದ ಬಂಡೆ ಮಾತ್ರ ಇಪ್ಪತ್ತು ಮಾರು ಆಚೆ ನಿಂತು, “ಈ ನೆಲದ ಹಿರಿಯ ನಾನೇ” ಎಂದು ಪೆಂಗ್ವಿನ್‌ಗಳಿಗೆ ಹೇಳುತ್ತಿತ್ತು.