ಬೀಗರಿಗೆ ಕಾಣಲೆಂದು ಒಯ್ದ ಪುಸ್ತಕ

ಹುಡುಗ ಒಪ್ಪಿದ್ದ. ಹುಡುಗಿ ಒಪ್ಪಿದ್ದಳು. ಇನ್ನು ಒಬ್ಬರನ್ನೊಬ್ಬರು ಒಪ್ಪಬೇಕಾದವರು ಬೀಗರು ಮಾತ್ರ.

ಹುಡುಗಿಯ ಅಪ್ಪ ಕೊಟ್ರಬಸಪ್ಪ. ಪೇಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಅವನು ಅಂಗಡಿ ಮುಂದೆ ನಿಂತು ಕೆಮ್ಮಿದರೆ ಸಾಕು, ಮೆಣಸಿನಕಾಯಿ ದರ ಏರುತ್ತದೆ ಎಂದು ಜನ ನಗುತ್ತಿದ್ದರು. ಹುಡುಗನ ಅಪ್ಪ ಗುರುಶಾಂತಪ್ಪ. ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ತಲೆ ಬೆಳ್ಳಗೆ ಮಾಡಿಕೊಂಡ ಮಾಸ್ತರು. ಒಬ್ಬರ ಮನೆಯಲ್ಲಿ ತಕ್ಕಡಿ ದೊಡ್ಡದು, ಇನ್ನೊಬ್ಬರ ಮನೆಯಲ್ಲಿ ಪುಸ್ತಕದ ಕಪಾಟು ದೊಡ್ಡದು. ಒಂದೆರಡು ಸಲ ಭೇಟಿಯಾಗಿದ್ದರು. "ಆರಾಮೇನ್ರಿ?" "ಆರಾಮರಿ." ಅಲ್ಲಿಗೆ ಮುಗಿಯಿತು. ಅದರ ಮುಂದೆ ಮಾತಿನ ಬಂಡಿ ಹೊರಡಲೇ ಇಲ್ಲ.

ಮಕ್ಕಳಿಬ್ಬರಿಗೂ ಚಿಂತೆ ಹತ್ತಿತು. ಸೇರಿ ಒಂದು ಉಪಾಯ ಮಾಡಿದರು. ಸಮುದ್ರದ ಮೇಲೆ ತಿರುಗಾಡಿಸಿಕೊಂಡು ಬರುವ ದೊಡ್ಡ ಹಡಗಿನಲ್ಲಿ ನಾಲ್ಕೂ ಮಂದಿ ಹಿರಿಯರಿಗೆ ಜಾಗ ಹಿಡಿದರು.

"ಅಪ್ಪಾ, ನಾಲ್ಕು ದಿನ ಹಡಗಿನ್ಯಾಗ ಕೂತು ಬೀಗರ ಕೂಡ ಮಾತಾಡಿ ಬರ್ರಿ. ಬಂದ ಮ್ಯಾಲೆ ನಿಶ್ಚಯ ಮಾಡೂಣು" ಎಂದಳು ಮಗಳು ಅನ್ನಪೂರ್ಣಿ. "ಅಲ್ಲಿ ಫೋನು ಹತ್ತೂದಿಲ್ಲ. ಓದಾಕ ಒಂದೆರಡು ಪುಸ್ತಕ ಒಯ್ಯಿರಿ."

ಕೊಟ್ರಬಸಪ್ಪ ಬೆದರಿದ್ದು ಈ ಕೊನೆಯ ಮಾತಿಗೆ.

ಅವನಿಗೆ ಓದುವ ಚಟ ಇರಲಿಲ್ಲವೆಂದಲ್ಲ. ಇತ್ತು, ಬಹಳ ಇತ್ತು. ಆದರೆ ಅವನು ಓದುತ್ತಿದ್ದದ್ದು ಪತ್ತೇದಾರಿ ಕಾದಂಬರಿ. ಮೊದಲನೇ ಹಾಳೆಯಲ್ಲೇ ಒಂದು ಹೆಣ ಬೀಳಬೇಕು, ಎರಡನೆಯದರಲ್ಲಿ ಕರೀ ಕೋಟಿನ ಪತ್ತೇದಾರ ಬರಬೇಕು. ಅಂಥದ್ದು ಕೈಗೆ ಸಿಕ್ಕಿತೆಂದರೆ ಮುಂದಿಟ್ಟ ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು, ಇವನ ಕಣ್ಣು ಮೇಲೆ ಏಳುತ್ತಿರಲಿಲ್ಲ. ಅದನ್ನು ಮಾಸ್ತರ ಎದುರಿಗೆ ಹೇಗೆ ಹಿಡಿಯುವುದು? 'ಇವನೇನು, ಕೊಲೆ ಕಥೆ ಓದುವವನು' ಎಂದರೆ? ನಾಳೆ ಅದೇ ಮಾತು ಸೊಸೆಯಾಗಿ ಹೋದ ಮಗಳ ತಲೆಗೆ ಬಿದ್ದರೆ?

ಹೆಂಡತಿ ಪಾರವ್ವನನ್ನು ಕರೆದುಕೊಂಡು ಪುಸ್ತಕದ ಅಂಗಡಿಗೆ ಹೋದ.

"ಓದಿದವರು ಕಂಡ ಕೂಡಲೆ 'ಅಬಾಬಾ' ಅನ್ನಬೇಕು. ಅಂಥದ್ದೊಂದು ಕೊಡು" ಎಂದ.

"ಯಾವ ವಿಷಯದ ಮ್ಯಾಲೆ ಬೇಕ್ರಿ ಸಾವ್ಕಾರ್ರ?"

"ವಿಷಯ ಯಾವುದರೆ ಇರ್ಲಿ. ದಪ್ಪ ಇರ್ಲಿ."

ಅಂಗಡಿಯವನು ಒಳಗೆ ಹೋಗಿ ತರ್ಕಶಾಸ್ತ್ರದ ಒಂದು ಪುಸ್ತಕ ಹೊತ್ತು ತಂದ. ಹೊತ್ತು ತಂದ ಅಂತಲೇ ಹೇಳಬೇಕು, ಅಷ್ಟಿತ್ತು ಭಾರ. ಮೇಲೆ ಬಂಗಾರದ ಅಕ್ಷರ.

"ಒಳಗೇನೈತಿ ಅಂತ ನೋಡೂದಿಲ್ಲೇನ್ರಿ?"

"ನೋಡೋರು ಬ್ಯಾರೇದವರು ಅದಾರ. ಕಟ್ಟು."

ಪಾರವ್ವ ಸುಮ್ಮನಿರುವವಳಲ್ಲ. "ಮೆಣಸಿನಕಾಯಿ ಚೀಲಕ್ಕ ಮೊಳಕೈ ತನಕಾ ಕೈ ಹಾಕಿ ತಳದಾಗಿಂದು ಹಿರಿದು ನೋಡ್ತೀರಿ. ಇದರದು ಒಂದ ಹಾಳಿನೂ ತಿರುವಲಿಲ್ಲಲ್ರೀ?"

"ನಿನಗ ತಿಳಿಯೂದಿಲ್ಲ, ಸುಮ್ಕಿರು. ಮಗಳ ಬಾಳೇವು ಐತಿ ಇದರಾಗ."

ಹೊರಡುವಾಗ ಬಾಗಿಲ ಬಳಿ ಪತ್ತೇದಾರಿ ಕಾದಂಬರಿಗಳ ಸಾಲು ಕಂಡಿತು. ಕೈ ತಾನಾಗಿಯೇ ಹೋಯಿತು. ಬೀಗರ ಮುಖ ನೆನಪಾಗಿ ಕೈ ತಾನಾಗಿಯೇ ಹಿಂದಕ್ಕೆ ಬಂತು.

ಹಡಗೆಂದರೆ ಏನು ಹಡಗು! ಒಂದು ಪೇಟೆಯನ್ನೇ ಎತ್ತಿ ನೀರಿನ ಮೇಲೆ ಇಟ್ಟ ಹಾಗಿತ್ತು. ಊಟಕ್ಕೊಂದು ಅಂತಸ್ತು, ಆಟಕ್ಕೊಂದು ಅಂತಸ್ತು, ಎಲ್ಲಕ್ಕಿಂತ ಮೇಲೆ ಬಯಲು, ಅಲ್ಲಿ ಕಾಲು ಚಾಚಿ ಮಲಗಲು ಉದ್ದನೆಯ ಕುರ್ಚಿಗಳು. ಗುರುಶಾಂತಪ್ಪ ಮಾಸ್ತರು ಆಗಲೇ ಅಲ್ಲಿ ಕೂತಿದ್ದರು. ತೊಡೆಯ ಮೇಲೆ ಅವರದೂ ಒಂದು ದಪ್ಪ ಪುಸ್ತಕ. ಶಾಲೆಯ ಮಕ್ಕಳು ಹಾಕುತ್ತಾರಲ್ಲ, ಅಂಥ ಖಾಕಿ ಕಾಗದದ ಹೊದಿಕೆ ಹಾಕಿದ್ದರು. ಏನು ಪುಸ್ತಕವೆಂದು ಹೊರಗೆ ಕಾಣುತ್ತಿರಲಿಲ್ಲ.

'ಏನೋ ವೇದಾಂತವೇ ಇರಬೇಕು' ಅಂದುಕೊಂಡ ಕೊಟ್ರಬಸಪ್ಪ.

"ಆರಾಮೇನ್ರಿ ಬೀಗರ?"

"ಆರಾಮರಿ."

ಮಾಸ್ತರ ಕಣ್ಣು ಇವನ ಕೈಯಲ್ಲಿದ್ದ ಬಂಗಾರದ ಅಕ್ಷರದ ಮೇಲೆ ಬಿತ್ತು. ಏನೋ ಹೇಳಬೇಕೆಂದು ಬಾಯಿ ತೆರೆದವರು ಮುಚ್ಚಿದರು. ಪುಸ್ತಕ ತೆರೆದರು. ಇವನೂ ಪಕ್ಕದಲ್ಲಿ ಕೂತು ತನ್ನದನ್ನು ತೆರೆದ.

ಓದು ಅಲ್ಲ ಅದು, ಕಬ್ಬಿಣದ ಕಡಲೆ. ಒಂದು ವಾಕ್ಯ ಈ ಹಾಳೆಯಲ್ಲಿ ಹೊರಟರೆ ಆ ಹಾಳೆಗೆ ಹೋಗಿ ಸುಸ್ತಾಗಿ ಕೂರುತ್ತಿತ್ತು. ಕೊಟ್ರಬಸಪ್ಪ ಮೊದಲಿಂದ ಓದಿದ, ತಿಳಿಯಲಿಲ್ಲ. ಕಡೆಯಿಂದ ಓದಿದ, ತಿಳಿಯಲಿಲ್ಲ. ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದ. ಮಾಸ್ತರು ಹುಬ್ಬು ಗಂಟಿಕ್ಕಿಕೊಂಡು ಪುಸ್ತಕದಲ್ಲೇ ಮುಳುಗಿದ್ದರು. 'ಎಷ್ಟು ಆಳಕ್ಕೆ ಇಳಿದಿದ್ದಾರೋ, ಈಗ ಮಾತಾಡಿಸಿದರೆ ದಡ್ಡ ಅಂತಾರೆ' ಎಂದು ಬಾಯಿಗೆ ಬೀಗ ಹಾಕಿಕೊಂಡ.

ಅಷ್ಟರಲ್ಲಿ ನೀರಿನಿಂದ ಡಾಲ್ಫಿನ್ ಮೀನುಗಳು ಚಿಮ್ಮಿದವು. ಹಡಗಿನವರೆಲ್ಲ ಓ ಎಂದು ಅಂಚಿಗೆ ಓಡಿದರು. ಪಾರವ್ವ ಮತ್ತು ಬೀಗತಿ ಸರ್ವಮಂಗಳವ್ವ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸಣ್ಣ ಹುಡುಗಿಯರ ಹಾಗೆ ಕುಣಿದರು. ಕೊಟ್ರಬಸಪ್ಪನ ಕಾಲು ತುಡಿಯಿತು. ಬೀಗರು ಏಳಲಿಲ್ಲ. ಹಾಗಾಗಿ ಇವನೂ ಏಳಲಿಲ್ಲ. ಅಷ್ಟು ದೂರ ಹೋಗಿ, ಅಂಥ ಮೀನು ಬಂದು ಕುಣಿದು ಹೋದರೂ, ಇಬ್ಬರು ಗಂಡಸರು ಕರೀ ಅಕ್ಷರ ನೋಡುತ್ತಾ ಕೂತಿದ್ದರು ನೋಡಿ!

ಮರುದಿನವೂ ಅದೇ. ಅದರ ಮರುದಿನವೂ ಅದೇ.

"ಏನಂದ್ರು ಬೀಗರು?" ಎಂದು ಪಾರವ್ವ ಕೇಳಿದಳು.

"ಏನಂತಾರ? ಪುಸ್ತಕದಾಗಿಂದ ತಲಿನ ಎತ್ತಲಿಲ್ಲ. ಮೆಣಸಿನಕಾಯಿ ಮಾರೋನ ಕೂಡ ಏನ್ ಮಾತು ಅಂತ ಸೊಕ್ಕು."

"ನೀವರೆ ಮಾತಾಡಸ್ರಿ."

"ಹ್ಯಾಂಗ ಮಾತಾಡಸ್ಲಿ? 'ನಿಮ್ಮ ಪುಸ್ತಕದಾಗ ಏನೈತಿ ಹೇಳ್ರಿ' ಅಂದ್ರ ಏನ್ ಹೇಳ್ಲಿ? ನನ್ನ ತಲಿ?"

ಪಾರವ್ವ ದನಿ ತಗ್ಗಿಸಿ ಹೇಳಿದಳು. "ಸರ್ವಮಂಗಳವ್ವಾರು ಅಂತಿದ್ರು, ಅವರ ಯಜಮಾನರೂ ಹಿಂಗ ಸಿಟ್ಟಾಗ್ಯಾರಂತ. ನಿಮಗ ರೊಕ್ಕದ ಸೊಕ್ಕು ಅಂತಾರಂತ."

"ನನಗ ಸೊಕ್ಕು? ನನಗ?" ಕೊಟ್ರಬಸಪ್ಪ ಕೆಂಡವಾದ. "ಸಾಕು ಈ ಸಂಬಂಧ. ನಾಳೆ ಹಡಗು ದಂಡಿಗೆ ಹತ್ತಿದ ಕೂಡಲೆ ನಮಗೂ ನಿಮಗೂ ಕೂಡೂದಿಲ್ಲ ಅಂತ ಹೇಳಿಬಿಡ್ತೇನಿ."

ಪಾರವ್ವ ಜಗಳ ಮಾಡಲಿಲ್ಲ. ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ನೀವು ಹೇಳ್ರಿ ಬೀಗರಿಗೆ. ಹುಡುಗಿಗೆ ಮಾತ್ರ ನಾ ಹೇಳೂದಿಲ್ಲ. ಅದನ್ನೂ ನೀವ ಹೇಳ್ರಿ."

ಆ ಮಾತು ಅವನನ್ನು ಚುಚ್ಚಿತು. ಆದರೂ ಬಿಗುಮಾನ ಬಿಡಲಿಲ್ಲ. ದಪ್ಪ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ. ಎಲ್ಲರೂ ಮಧ್ಯಾಹ್ನದ ಊಟಕ್ಕೆ ಹೋಗಿದ್ದರು. ಇವನಿಗೆ ಹಸಿವಿರಲಿಲ್ಲ. ತಿರುಗುತ್ತಾ ತಿರುಗುತ್ತಾ ಒಂದು ಪುಟ್ಟ ಕೋಣೆಗೆ ಬಂದ. ಅಲ್ಲಿ ಗೋಡೆಯ ತುಂಬ ಪುಸ್ತಕ. ಹಡಗಿನಲ್ಲಿ ಹೋಗಿ ಬಂದವರು ಓದಿ ಬಿಟ್ಟುಹೋದದ್ದು, ಹತ್ತು ದೇಶದ್ದು, ಹತ್ತು ಭಾಷೆಯದ್ದು. ಅದರ ನಡುವೆ ಕನ್ನಡದ್ದು ಒಂದೇ ಒಂದು. ರಟ್ಟಿಲ್ಲ, ಹೆಸರಿಲ್ಲ, ಮೂಲೆಗಳೆಲ್ಲ ಮಡಚಿಹೋಗಿವೆ. ಕೊಟ್ರಬಸಪ್ಪ ತೆರೆದು ನೋಡಿದ. 'ದೇಸಾಯಿ ಸಾರಿನ ಬಟ್ಟಲು ಕೆಳಗಿಟ್ಟ. ಮರುಕ್ಷಣ ತಾನೂ ಕೆಳಗೆ ಬಿದ್ದ.'

ಅಯ್ಯಯ್ಯೋ ಶಿವನೇ! ಪತ್ತೇದಾರಿ!

ನಿಂತಲ್ಲೇ ಓದತೊಡಗಿದ. ದೇಸಾಯಿ ಸತ್ತ. ವಾಡೆಯ ಬಾಗಿಲು ಹಾಕಿದರು. ಒಳಗೆ ಇದ್ದವರು ಅಡುಗೆಯವನು, ತಮ್ಮ, ವೈದ್ಯ. ಯಾರು ವಿಷ ಹಾಕಿದ್ದು? ಕೊಟ್ರಬಸಪ್ಪನಿಗೆ ಹಡಗು ಮರೆತುಹೋಯಿತು, ಬೀಗರು ಮರೆತುಹೋದರು, ಸಿಟ್ಟೂ ಮರೆತುಹೋಯಿತು.

ಹೊರಗೆ ಚಪ್ಪಲಿಯ ಸಪ್ಪಳ. ಥಟ್ಟನೆ ಕಾದಂಬರಿಯನ್ನು ತರ್ಕಶಾಸ್ತ್ರದ ಒಳಗೆ ಸಿಕ್ಕಿಸಿ ಮೂಲೆಯ ಕುರ್ಚಿಯಲ್ಲಿ ಕೂತ. ಬಂದವರು ಗುರುಶಾಂತಪ್ಪ ಮಾಸ್ತರು. ಮೂಲೆಯಲ್ಲಿದ್ದ ಇವನನ್ನು ಅವರು ನೋಡಲಿಲ್ಲ. ಅತ್ತ ಇತ್ತ ಕತ್ತು ಹೊರಳಿಸಿ, ಹಾಲಿನ ಗಡಿಗೆಗೆ ಬಂದ ಬೆಕ್ಕಿನ ಹಾಗೆ ಮೆಲ್ಲಗೆ ಕಪಾಟಿನ ಬಳಿ ಹೋದರು. ಸೀದಾ ಆ ಕಾದಂಬರಿ ಇದ್ದ ಖಾಲಿ ಸಂದಿಗೇ ಕೈ ಹಾಕಿದರು. ಕೈಗೆ ಏನೂ ಸಿಗಲಿಲ್ಲ. ಮೇಲೆ ನೋಡಿದರು, ಕೆಳಗೆ ಬಗ್ಗಿ ನೋಡಿದರು.

"ಎಲ್ಲಿ ಹೋತಿದು? ನಿನ್ನೆ ಇಲ್ಲೇ ಇಟ್ಟಿದ್ದೆನಲ್ಲ" ಎಂದು ತಮ್ಮಷ್ಟಕ್ಕೆ ಗೊಣಗಿದರು. "ಆ ವೈದ್ಯ ಹಿತ್ತಲ ಬಾಗಲದಾಗ ಸಿಕ್ಕಿಬಿದ್ದಿದ್ದ. ಛೇ!"

ಕೊಟ್ರಬಸಪ್ಪ ಕೂತಲ್ಲೇ ಕಲ್ಲಾದ. ಮಾಸ್ತರು? ಪತ್ತೇದಾರಿ?

ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಅವರು ಹುಡುಕಿ ಹುಡುಕಿ ಹೋಗಿಬಿಡುತ್ತಿದ್ದರು. ಆದರೆ ಅವನ ಎದೆಯೊಳಗೆ ತಕ್ಕಡಿ ತೂಗಿತು. ತನ್ನ ಕೈಯಲ್ಲಿದ್ದದ್ದನ್ನು ತೋರಿಸಿದರೆ ಮಾನ ಹೋಗುತ್ತದೆ. ಮುಚ್ಚಿಟ್ಟರೆ ಮಗಳ ಸಂಬಂಧ ಹೋಗುತ್ತದೆ. ಯಾವುದು ಭಾರ?

ಎದ್ದು ನಿಂತ. ತರ್ಕಶಾಸ್ತ್ರವನ್ನು ಬಿಚ್ಚಿ, ಒಳಗಿದ್ದದ್ದನ್ನು ತೆಗೆದು ಮುಂದೆ ಹಿಡಿದ.

"ಇದನ್ನೇನ್ರಿ ಬೀಗರ ಹುಡುಕೂದು?"

ಮಾಸ್ತರು ಬೆಚ್ಚಿಬಿದ್ದರು. ಮುಖ ಕೆಂಪಾಯಿತು. ಅವನ ಕೈಯನ್ನು ನೋಡಿದರು, ಅವನ ಮುಖವನ್ನು ನೋಡಿದರು.

"ನೀವೂ?"

"ನಾನೂ ರಿ. ಸಣ್ಣಾಂವ ಇದ್ದಾಗಿಂದ."

"ಮತ್ತ ಆ ತರ್ಕಶಾಸ್ತ್ರ?"

"ನೀವು ದೊಡ್ಡ ಓದಿದವರು. ನಿಮ್ಮ ಕಣ್ಣಿಗೆ ಸಣ್ಣಾಂವ ಕಾಣಬಾರದು ಅಂತ ತಂದೆ. ಎರಡನೇ ಹಾಳಿ ದಾಟಿಲ್ಲ, ನಿಮ್ಮಾಣಿ."

ಮಾಸ್ತರು ಕಂಕುಳಲ್ಲಿದ್ದ ತಮ್ಮ ಪುಸ್ತಕದ ಖಾಕಿ ಹೊದಿಕೆಯನ್ನು ಮೆಲ್ಲಗೆ ಬಿಡಿಸಿದರು. ಒಳಗೆ ವೇದಾಂತ ಇರಲಿಲ್ಲ. ಪೇಟೆಯಲ್ಲಿ ದರ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂಬ ವ್ಯಾಪಾರದ ಪುಸ್ತಕ!

"ನೀವು ದೊಡ್ಡ ವ್ಯಾಪಾರಸ್ಥರು" ಎಂದರು ಮಾಸ್ತರು. "ನಿಮ್ಮ ಕೂಡ ನಾಲ್ಕು ಮಾತಾಡ್ಲಿಕ್ಕೆ ಬರಬೇಕಲ್ಲ ಅಂತ ಇದನ್ನ ತಂದೆ. ಒಂದು ಅಕ್ಷರ ತಲೀಗೆ ಹೋಗಲಿಲ್ಲ. ನೀವು ನೋಡಿದ್ರ ತರ್ಕಶಾಸ್ತ್ರದಾಗ ಮುಳುಗಿದ್ರಿ. ಇವರು ನನ್ನ ಮಾರಿ ಸೈತ ನೋಡವಲ್ಲರು ಅಂತ ಸಿಟ್ಟು ಬಂತು."

"ನಾ ಎಲ್ಲಿ ಮುಳುಗಿದ್ದೆರಿ? ತೂಕಡಸ್ತಿದ್ದೆ!"

ಇಬ್ಬರೂ ನಕ್ಕರು. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಆ ದಪ್ಪ ಪುಸ್ತಕಗಳ ತಪ್ಪೇನೂ ಇಲ್ಲ, ಪಾಪ. ಅವೆರಡನ್ನೂ ಒರೆಸಿ, ಕಣ್ಣಿಗೆ ಒತ್ತಿಕೊಂಡು ಕಪಾಟಿನಲ್ಲಿ ಇಟ್ಟರು. ಯಾರಿಗೆ ಅದರ ಹಸಿವಿದೆಯೋ ಅವರು ಬಂದು ಉಣ್ಣಲಿ ಎಂದರು. ರಟ್ಟಿಲ್ಲದ ಕಾದಂಬರಿ ಹಿಡಿದುಕೊಂಡು ಮೇಲೆ ಹೋಗಿ ಕುರ್ಚಿಗಳನ್ನು ಪಕ್ಕಪಕ್ಕಕ್ಕೆ ಎಳೆದುಕೊಂಡು ಕೂತರು. ಮಾಸ್ತರು ದನಿ ತೆಗೆದು ಓದುವುದು, ಕೊಟ್ರಬಸಪ್ಪ "ಹೂಂ, ಮುಂದ?" ಅನ್ನುವುದು. ಹೆಂಗಸರು ಊಟ ಮುಗಿಸಿ ಬಂದು ನೋಡಿ ಬಾಯಿ ಬಿಟ್ಟರು. ಆಮೇಲೆ ಅವರೂ ಕಾಲು ಮಡಚಿ ಕೂತು ಕೇಳಿದರು.

ಹೊತ್ತು ಮುಳುಗುವ ಹೊತ್ತಿಗೆ ಕತೆ ಕಡೆಗೆ ಬಂತು. 'ವಿಷ ಹಾಕಿದವನು ಯಾರು ಗೊತ್ತೇ?' ಎಂದು ಕರೀ ಕೋಟಿನವನು ಎದ್ದು ನಿಂತ. ಮಾಸ್ತರು ಹಾಳೆ ತಿರುವಿದರು. ಮುಂದೆ ಹಾಳೆಯೇ ಇಲ್ಲ! ಹರಿದುಹೋಗಿತ್ತು.

"ಅಡಗಿಯವನ ರಿ" ಎಂದ ಕೊಟ್ರಬಸಪ್ಪ. "ಅವತ್ತು ಸಾರಿಗೆ ಖಾರ ಭಾಳ ಹಾಕಿದ್ದ ಅಂತ ಬರದಾರಲ್ಲ, ಯಾಕ? ವಿಷದ ರುಚಿ ಮುಚ್ಚಾಕ!"

"ಅದು ನನಗ ಹೊಳೀಲೇ ಇಲ್ಲ ನೋಡ್ರಿ. ಆದರ ತಮ್ಮನ್ನ ಮರೀಬ್ಯಾಡ್ರಿ. ಅಣ್ಣ ಸತ್ತಾಗ ಆತ ಕಣ್ಣು ಒರಸಿಕೊಂಡ ಅಂತ ಬರದಾರ. ಕಣ್ಣೀರು ಬಂತು ಅಂತ ಎಲ್ಲೂ ಬರದಿಲ್ಲ."

ಅದು ಹತ್ತಿತು ನೋಡಿ ವಾದ! ಊಟದಲ್ಲಿ ಅದೇ, ಬೆಳಗಿನ ಚಹಾದಲ್ಲಿ ಅದೇ.

ಹಡಗು ದಂಡೆಗೆ ಬಂತು. ಕೆಳಗೆ ಅನ್ನಪೂರ್ಣಿ ಮತ್ತು ಹುಡುಗ ಉಸಿರು ಬಿಗಿಹಿಡಿದು ನಿಂತಿದ್ದರು. ಮೆಟ್ಟಿಲಿಳಿಯುತ್ತಿದ್ದ ಕೊಟ್ರಬಸಪ್ಪ ಕೈ ಎತ್ತಿ ಕೂಗಾಡುವುದು ದೂರದಿಂದಲೇ ಕೇಳಿಸಿತು.

"ನಾ ಬಿಡೂದಿಲ್ಲರಿ! ವಿಷ ಹಾಕಿದಾಂವ ಅಡಗಿಯವನ!"

"ಸಾಧ್ಯ ಇಲ್ಲ! ಖೂನಿ ಮಾಡಿದಾಂವ ತಮ್ಮ!"

ಹುಡುಗನ ಮುಖ ಬಿಳಿಚಿತು. "ಅಪ್ಪಾ, ಹಡಗಿನ್ಯಾಗ ಏನಾತು? ಪೊಲೀಸರನ್ನ ಕರೀಲೇನು?"

"ಪೊಲೀಸರು ಆಮ್ಯಾಲೆ" ಎಂದರು ಮಾಸ್ತರು, ಕೊಟ್ರಬಸಪ್ಪನ ಹೆಗಲ ಮೇಲೆ ಕೈ ಹಾಕಿ. "ಮೊದಲ ನಿಶ್ಚಯಕ್ಕ ಒಂದು ಛಲೋ ದಿನ ನೋಡು. ಇದನ್ನ ಬಗೀಹರಸ್ಲಿಕ್ಕೆ ನಾನೂ ಬೀಗರೂ ವಾರಕ್ಕೊಮ್ಮೆಯರೆ ಕೂಡಬೇಕಾಗೇದ."

ನೀತಿ: ಊರಿಗೆ ಹೋಗುವಾಗ ನಿಮ್ಮ ಮನಸ್ಸು ಬೇಡಿದ ಪುಸ್ತಕವನ್ನೇ ಒಯ್ಯಿರಿ, ಮಕ್ಕಳೇ. ಇನ್ನೊಬ್ಬರ ಕಣ್ಣಿಗೆ ದೊಡ್ಡದಾಗಿ ಕಾಣಲೆಂದು ಆರಿಸಿದ ಪುಸ್ತಕ ನಿಮ್ಮ ತಲೆಗೂ ಇಳಿಯುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ನಿಮ್ಮ ಮುಖವನ್ನೂ ಕಾಣಗೊಡುವುದಿಲ್ಲ.