ಹಿಟ್ಟಿನಲ್ಲಿ ತಂತಿ

ನದಿ ದಂಡೆಯ ಆಶ್ರಮದಲ್ಲಿ ಗಿರಣಿ ನೋಡಿಕೊಳ್ಳುವ ಕೆಲಸ ಮುರಿಗೆಪ್ಪನದು. ಹಿಂದೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಆರು ವರ್ಷದ ಹಿಂದೆ ಸಂಗಯ್ಯಜ್ಜನವರ ಶಿಷ್ಯನಾಗಿ ಬಂದು ಇಲ್ಲೇ ಉಳಿದಿದ್ದ.

ಬಂದ ದಿನ ಅವನು ಧ್ಯಾನ ಕಲಿಸಿ ಎಂದು ಕೇಳಿದ್ದ. ಅಜ್ಜ ಗಿರಣಿಯ ಕೀಲಿಕೈ ಕೊಟ್ಟಿದ್ದರು.

ದಿನಾ ಇನ್ನೂರು ಮಂದಿಯ ಊಟ. ಸುತ್ತಲಿನ ಹಳ್ಳಿಗಳವರು ಜೋಳ ತಂದು ಕೊಡುತ್ತಿದ್ದರು. ಮುರಿಗೆಪ್ಪ ಬೀಸುತ್ತಿದ್ದ. ನದಿಯ ಆಚೆ ಕುರುಡು ಮಕ್ಕಳ ಶಾಲೆಯೊಂದಿತ್ತು. ಎರಡು ದಿನಕ್ಕೊಮ್ಮೆ ಅಲ್ಲಿಗೂ ಎರಡು ಡಬ್ಬಿ ಹಿಟ್ಟು ಹೋಗುತ್ತಿತ್ತು.

ಒಂದು ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತಿದ್ದ ದೋಣಿ ನಡೆಸುವ ಹುಸೇನಸಾಬ ರೊಟ್ಟಿ ಕಚ್ಚಿದವನೇ ಬಾಯಿ ಹಿಡಿದುಕೊಂಡ. ಬೆರಳ ಸಂದಿಯಿಂದ ರಕ್ತ ಇಳಿಯಿತು. ಅವನ ವಸಡಿನಲ್ಲಿ ತಂತಿಯ ಚೂರೊಂದು ನಟ್ಟಿತ್ತು.

ಎಲ್ಲರೂ ಮುರಿಗೆಪ್ಪನ ಕಡೆ ನೋಡಿದರು.

ಅಜ್ಜ ಎದ್ದು ಬಂದು, ಹುಸೇನಸಾಬನ ಗದ್ದ ಹಿಡಿದು, ತಂತಿಯನ್ನು ತಾವೇ ಮೆಲ್ಲಗೆ ತೆಗೆದರು. ಬಾಯಿ ಮುಕ್ಕಳಿಸಲು ಉಪ್ಪುನೀರು ಕೊಡಿಸಿದರು. ಮುರಿಗೆಪ್ಪನಿಗೆ ಒಂದು ಮಾತೂ ಅನ್ನಲಿಲ್ಲ.

ಮರುದಿನ ಮುರಿಗೆಪ್ಪ ಅಜ್ಜನ ಹತ್ತಿರ ಬಂದ.

"ಅಜ್ಜಾರ, ಕಾಳಿನಾಗ ಏನೇನೋ ಬರ್ತಾವ್ರಿ. ಮಂದಿ ನೋಡದ ಚೀಲ ತುಂಬ್ತಾರ. ಕಬ್ಬಿಣ ಹಿಡಿಯೋದೊಂದು ಮಷೀನು ಮಾಡ್ತೀನ್ರಿ."

"ಮಾಡು," ಎಂದರು ಅಜ್ಜ.

ಮುರಿಗೆಪ್ಪ ಹುಬ್ಬಳ್ಳಿಗೆ ಹೋಗಿ, ನಡುವೆ ತೂತಿದ್ದ ಬಲವಾದ ಅಯಸ್ಕಾಂತದ ಬಿಲ್ಲೆಗಳನ್ನು ತಂದ. ಒಂದೊಂದೂ ಬಿಸ್ಕತ್ತಿನಷ್ಟೇ ದೊಡ್ಡದು. ಆದರೆ ಎರಡು ಬಿಲ್ಲೆ ತಾವಾಗಿ ಕೂಡಿಕೊಂಡರೆ ಬಿಡಿಸಲು ಇಬ್ಬರು ಬೇಕು. ಮೊದಲ ದಿನವೇ ಅವನ ಹೆಬ್ಬೆರಳು ನಡುವೆ ಸಿಕ್ಕಿ ಉಗುರು ಕಪ್ಪಾಯಿತು.

ಬಿಲ್ಲೆಗಳನ್ನು ಹಿತ್ತಾಳೆಯ ಸರಳಿಗೆ ಪೋಣಿಸಿದ. ಒಂದರ ಉತ್ತರ ಇನ್ನೊಂದರ ಉತ್ತರಕ್ಕೆ ಎದುರಾಗಬೇಕು, ನಡುವೆ ಕಬ್ಬಿಣದ ತೆಳು ಬಿಲ್ಲೆ ಇರಬೇಕು. ಅವು ಒಂದನ್ನೊಂದು ದೂಡುತ್ತ ಸರಳಿನ ಮೇಲೆ ಜಾರಿ ಓಡುತ್ತಿದ್ದವು. ಹಲ್ಲು ಕಚ್ಚಿ ಅದುಮಿ, ತುದಿಗೆ ನಟ್ಟು ಬಿಗಿದ. ಆ ಸರಳನ್ನು ಅಯಸ್ಕಾಂತಕ್ಕೆ ಅಂಟದ ಸ್ಟೀಲ್ ಪೈಪಿನೊಳಗೆ ತೂರಿಸಿದ. ಅಂಥ ಐದು ಪೈಪು ಮಾಡಿ, ಗಿರಣಿಗೆ ಕಾಳು ಸುರಿಯುವ ತಗಡಿನ ಬಾಯಿಗೆ ಅಡ್ಡವಾಗಿ ಜೋಡಿಸಿದ. ಕಾಳು ಪೈಪುಗಳ ಮೇಲೆ ಉರುಳಿ ಇಳಿಯುತ್ತದೆ, ಕಬ್ಬಿಣ ಅಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಪೈಪುಗಳನ್ನು ಬಿಚ್ಚಿ ಒಳಗಿನ ಸರಳು ಎಳೆದರೆ ಅಂಟಿದ್ದೆಲ್ಲ ತಾನೇ ಉದುರುತ್ತದೆ.

ಹಿಡಿದದ್ದು ಕಡಿಮೆಯೇನಲ್ಲ. ಕುಡುಗೋಲಿನ ಚಕ್ಕೆ, ಪಿನ್ನು, ಎತ್ತಿನ ಲಾಳದ ಮೊಳೆ. ಪ್ರತಿ ಚೂರು ಸಿಕ್ಕಾಗಲೂ ಅವನಿಗೆ ಒಂದು ಗಳಿಗೆ ಸಮಾಧಾನ. ಮರುಗಳಿಗೆ, ಸಿಗದೆ ಹೋದದ್ದೆಷ್ಟೋ ಎಂಬ ದಿಗಿಲು.

ಒಂದು ದಿನ ಭೀಮವ್ವನ ಚೀಲದಿಂದ ಮೂರು ಮೊಳೆ ಬಂದವು.

ಭೀಮವ್ವ ಒಂಟಿ ಹೆಂಗಸು. ಹೊಲವಿಲ್ಲ. ಸುಗ್ಗಿ ಮುಗಿದ ಮೇಲೆ ಮಂದಿಯ ಹೊಲದಲ್ಲಿ ಉದುರಿ ಉಳಿದ ತೆನೆಗಳ ಹಕ್ಕಲು ಆರಿಸಿ, ಅದರಲ್ಲಿ ಒಂದು ಚೀಲ ಪ್ರತಿ ವರ್ಷ ಆಶ್ರಮಕ್ಕೆ ತರುತ್ತಿದ್ದಳು.

ಜೋಳ ಕೊಡಲು ಬಂದಿದ್ದವರ ಸಾಲು ಇನ್ನೂ ನಿಂತಿತ್ತು. ಮುರಿಗೆಪ್ಪ ಮೊಳೆಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದ.

"ಇದೇನವ್ವಾ ಇದು? ಉಣ್ಣೋರ ಹೊಟ್ಟಿಗೆ ಮೊಳಿ ಹಾಕ್ತೀಯೇನು? ಹುಸೇನಸಾಬನ ಬಾಯಿ ಹರಿದದ್ದು ಇಂಥಾದರಿಂದನ. ಒಯ್ಯಿ ನಿನ್ನ ಜೋಳ."

ಭೀಮವ್ವ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು, ಸಾಲಿನಲ್ಲಿದ್ದವರ ಮುಂದೆಯೇ ವಾಪಸು ನಡೆದಳು.

ಸಂಜೆ ಅಜ್ಜ ಕೇಳಿದರು. "ಭೀಮವ್ವ ಯಾಕ ಹೊಳ್ಳಿ ಹೋದ್ಲು?"

"ಆಕಿ ಕಾಳಿನಾಗ ಕಬ್ಬಿಣ ಇತ್ರಿ."

"ಮಷೀನು ಹಿಡೀಲಿಲ್ಲೇನು?"

"ಹಿಡೀತ್ರಿ."

"ಕಬ್ಬಿಣ ಹಿಡಿದು ಕಾಳು ಬಿಡೂ ಮಷೀನು ಅಂದಿದ್ದಿ," ಎಂದು ಅಜ್ಜ ನದಿಯ ಕಡೆ ಹೊರಟರು.

ಊಟದ ಹೊತ್ತಿಗೆ ಈಗ ಮುರಿಗೆಪ್ಪ ಪಂಕ್ತಿಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಒಬ್ಬೊಬ್ಬರ ದವಡೆ ನೋಡುತ್ತಿದ್ದ. ಯಾರಾದರೂ ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸಿದರೆ ಬಗ್ಗಿ ಬಾಯಿ ನೋಡುತ್ತಿದ್ದ. ಕೆಮ್ಮಿದರೆ ಓಡಿ ಹೋಗುತ್ತಿದ್ದ.

"ಏನಾತ್ರೀ? ಚುಚ್ಚಿತೇನ್ರೀ?"

"ಖಾರ ನೆತ್ತಿಗೇರಿತೋ ಮಾರಾಯ," ಎಂದು ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

ನಾಲ್ಕನೆಯ ದಿನ ಹುಸೇನಸಾಬ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ಮುರಿಗೆಪ್ಪಣ್ಣಾ, ನೀ ಹಿಂಗ ಬಾಯಿ ನೋಡಕೋತ ನಿಂತ್ರ ಅನ್ನ ಗಂಟಲದಾಗ ಇಳಿಯೂದಿಲ್ಲ," ಎಂದು ಹೇಳಿ ಹೋದ. ಮರುದಿನದಿಂದ ಊಟಕ್ಕೆ ಬರಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ, ಹಿಟ್ಟು ನಾದುತ್ತಿದ್ದ ಹೆಂಗಸೊಬ್ಬಳು ಅಡುಗೆಮನೆಯಿಂದ ಕೈ ಹಿಡಿದುಕೊಂಡು ಬಂದಳು. ಅಂಗೈಯಲ್ಲಿ ರಕ್ತದ ಹನಿ. ಮತ್ತೆ ತಂತಿ.

ಮುರಿಗೆಪ್ಪ ಅಜ್ಜನ ಮುಂದೆ ಹೋಗಿ ಕುಸಿದು ಕುಳಿತ.

"ಅಜ್ಜಾರ, ಮ್ಯಾಗ್ನೆಟ್ ಸಾಲಂಗಿಲ್ರಿ. ಇನ್ನೂ ಜೋರಿಂದು ತರಬೇಕು. ಐದು ಪೈಪು ಇದ್ದದ್ದು ಹತ್ತು ಮಾಡ್ತೀನ್ರಿ. ಇಲ್ಲಾಂದ್ರ ಹಳ್ಳಿ ಮಂದಿ ಕಾಳೇ ಬ್ಯಾಡ್ರಿ."

ಅಜ್ಜ ಎದ್ದರು. ಕೋಲು ಊರಿಕೊಂಡು ಗಿರಣಿಗೆ ಬಂದರು. ಸಾಧನದಿಂದ ಒಂದು ಪೈಪು ಬಿಚ್ಚಲು ಹೇಳಿದರು.

"ಇದನ್ನ ಇಲ್ಲಿ ಹಾಕು." ಗಿರಣಿಯಿಂದ ಹಿಟ್ಟು ಬಂದು ಬೀಳುವ ಡಬ್ಬಿಯನ್ನು ಕೋಲಿನಿಂದ ತೋರಿಸಿದರು.

"ಅದು ಬೀಸಿದ ಹಿಟ್ರಿ. ಕಾಳು ಮ್ಯಾಲೇ ಸ್ವಚ್ಛ ಆಗಿ ಬಂದಿರ್ತೈತಿ."

"ಹಾಕು."

ಮುರಿಗೆಪ್ಪ ಪೈಪನ್ನು ಹಿಟ್ಟಿನಲ್ಲಿ ಇಳಿಸಿ, ಒಂದು ಸುತ್ತು ತಿರುಗಿಸಿ, ಮೇಲೆತ್ತಿದ.

ಪೈಪಿಗೆ ಕಬ್ಬಿಣದ ಪುಡಿಯ ಕಪ್ಪು ಮೀಸೆ ಬಂದಿತ್ತು. ಮೀಸೆಯ ನಡುವೆ ನಾಲ್ಕು ಸಣ್ಣ ತಂತಿಗಳು ಮುಳ್ಳಿನ ಹಾಗೆ ನಿಂತಿದ್ದವು.

ಫಿಟ್ಟರನ ಕಣ್ಣಿಗೆ ಹೇಳಬೇಕಾಗಲಿಲ್ಲ. ಅವನು ಗಿರಣಿ ನಿಲ್ಲಿಸಿ, ಬೋಲ್ಟು ಬಿಚ್ಚಿ, ಹಿಟ್ಟು ಸೋಸುವ ಕೆಳಗಿನ ಜರಡಿ ಹೊರಗೆಳೆದ. ಒಂದು ಮೂಲೆಯಲ್ಲಿ ಬಲೆ ಹರಿದು, ತಂತಿಗಳು ಒಂದೊಂದಾಗಿ ಮುರಿದು ಹೋಗಿದ್ದವು. ಸುಗ್ಗಿಗೆ ಮೊದಲು ಆ ಮೂಲೆಗೆ ತೇಪೆ ಹಾಕಿದವನು ಅವನೇ. ಹೊಸ ಜರಡಿ ತರುವ ತನಕ ಸಾಕು ಅಂದುಕೊಂಡಿದ್ದ. ಮರೆತಿದ್ದ.

ಅವನು ಒಮ್ಮೆಲೇ ತಲೆ ಎತ್ತಿದ.

"ಅಜ್ಜಾರ, ಹೊಳಿ ಆಚಿ ಕುರುಡು ಹುಡುಗರ ಸಾಲಿಗೆ ಮುಂಜಾನೆ ಹಿಟ್ಟು ಹೋಗೇತ್ರಿ."

"ಅಲ್ಲಿ ಊಟ ಎಷ್ಟೊತ್ತಿಗೆ?"

"ಹನ್ನೊಂದಕ್ರಿ."

"ಈಗ?"

"ಹತ್ತೂವರಿ ಆಗಿರಬೇಕ್ರಿ." ಅವನು ಎದ್ದು ನಿಂತ. "ನಾ ಏನಂತ ಹೇಳ್ಲಿರಿ ಅವರಿಗೆ?"

"ಹಾದ್ಯಾಗ ಯೋಚನಿ ಮಾಡು. ಓಡು."

ಮುರಿಗೆಪ್ಪ ಓಡಿದ. ದಡದಲ್ಲಿ ಹುಸೇನಸಾಬ ದೋಣಿಗೆ ಡಾಂಬರು ಬಳಿಯುತ್ತಿದ್ದ. ಅವನ ಮುಖ ನೋಡಿ, ಏನೂ ಕೇಳದೆ ದೋಣಿಯನ್ನು ನೀರಿಗೆ ತಳ್ಳಿದ.

ನಡುಹೊಳೆಯಲ್ಲಿ ಮುರಿಗೆಪ್ಪ ಹೇಳಿದ. "ಸಾಬಣ್ಣಾ, ನಿನ್ನ ಬಾಯಾಗ ಸಿಕ್ಕ ತಂತಿ ಮಂದಿ ಕಾಳಿಂದಲ್ಲ. ನನ್ನ ಜರಡೀದು. ತೇಪಿ ಹಾಕಿ ಮರ್ತಿದ್ದೆ."

ಹುಸೇನಸಾಬ ಹುಟ್ಟು ಹಾಕುತ್ತಲೇ ಇದ್ದ. "ಆಚಿ ಕಡೆ ಹಿಟ್ಟು ಹೋಗೇತೇನು?"

"ಹೋಗೇತಿ."

ಹುಸೇನಸಾಬ ಹುಟ್ಟು ಹಾಕುವ ವೇಗ ಹೆಚ್ಚಿಸಿದ.

ಶಾಲೆಯ ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದರು. ತಟ್ಟೆಗಳು ಎಲ್ಲಿವೆ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಡುಗೆಯ ಶಂಕ್ರವ್ವ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಹೊರಗೆ ಬರುತ್ತಿದ್ದಳು.

"ಹಾಕಬ್ಯಾಡ್ರಿ!" ಮುರಿಗೆಪ್ಪ ಬಾಗಿಲಲ್ಲೇ ಕೂಗಿದ.

ದಾರಿಯಲ್ಲಿ ಯೋಚಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ನಮ್ಮ ಗಿರಣಿ ಜರಡಿ ಹರದೈತ್ರಿ. ಹಿಟ್ಟಿನಾಗ ತಂತಿ ಅದಾವು. ತಪ್ಪು ನಂದರಿ."

ಶಂಕ್ರವ್ವ ಬುಟ್ಟಿ ಇಳಿಸಿದಳು. ಒಂದು ರೊಟ್ಟಿ ಮುರಿದಳು, ಇನ್ನೊಂದು ಮುರಿದಳು. ಐದನೆಯದರಲ್ಲಿ ತಂತಿ ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದಳು. ಆಮೇಲೆ ಮುರಿಗೆಪ್ಪನನ್ನು ನೋಡಿದಳು.

"ಇವಕ್ಕ ಕಣ್ಣಿಲ್ಲೋ ಯಪ್ಪಾ," ಎಂದಳು. "ಕೊಟ್ಟದ್ದ ತಿಂತಾವು."

ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅಂದು ಮಕ್ಕಳಿಗೆ ಅನ್ನ ಮಾಡಿದರು. ಮುರಿಗೆಪ್ಪ ಅಕ್ಕಿ ಆರಿಸಿದ, ನೀರು ಹೊತ್ತ, ಮಕ್ಕಳು ಕೈ ತೊಳೆಯುವ ತನಕ ಅಲ್ಲೇ ಇದ್ದ. ವಾಪಸು ಬಂದವನು ಹುಬ್ಬಳ್ಳಿಯಿಂದ ಹೊಸ ಜರಡಿ ತರಿಸಿ ಹಾಕಿದ. ಇದ್ದ ಐದು ಪೈಪುಗಳಲ್ಲಿ ಎರಡನ್ನು ಮೇಲೆ ಬಿಟ್ಟು, ಮೂರನ್ನು ಹಿಟ್ಟು ಬೀಳುವ ಕಡೆ ಕೂಡಿಸಿದ. ಉಳಿದಿದ್ದ ಹಿಟ್ಟನ್ನೆಲ್ಲ ಮಣ್ಣಲ್ಲಿ ಹೂಳಿದ.

ಆದರೆ ಭೀಮವ್ವನ ಮನೆಗೆ ಹೋಗಲು ಅವನಿಗೆ ಎರಡು ದಿನ ಬೇಕಾಯಿತು. ಎರಡು ಸಲ ಓಣಿಯ ತಿರುವಿನ ತನಕ ಹೋಗಿ ಹಿಂದಿರುಗಿದ. ಮೂರನೆಯ ಸಲ ಅವಳೇ ನೋಡಿದಳು.

"ಬಾರಪಾ. ಎಷ್ಟು ಸಲ ತಿರಗತಿ?"

ಅವನು ಹೊಸ್ತಿಲ ಹೊರಗೇ ನಿಂತ. "ಅವ್ವಾ, ಹುಸೇನಸಾಬಗ ಚುಚ್ಚಿದ್ದು ನಿನ್ನ ಕಾಳಿಂದಲ್ಲ. ನನ್ನ ಗಿರಣೀದು."

"ಮೊಳಿ ನನ್ನವ," ಎಂದಳು ಭೀಮವ್ವ. "ಕಾಳು ಹಾಕೋ ಹಳೇ ಪೆಟಗೀವು ಕಿತ್ತು ಬಿದ್ದಿದ್ದವು. ನೀ ಅಂದದ್ದು ಪೂರಾ ಸುಳ್ಳಲ್ಲ. ಆದ್ರ ನಾಲ್ಕು ಮಂದ್ಯಾಗ ಅಂದಿ."

"ನಾಲ್ಕು ಮಂದ್ಯಾಗನ ಹೇಳ್ತೀನಿ, ತಪ್ಪು ನಂದಂತ."

"ಹೇಳು. ಕೇಳಿ ಆಮ್ಯಾಲ ಜೋಳದ ಮಾತು."

ಮರುದಿನ ಮಧ್ಯಾಹ್ನ ಪಂಕ್ತಿ ಕೂತಿತು. ಹುಸೇನಸಾಬ ಬಂದಿದ್ದ. ಭೀಮವ್ವ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದಳು. ಇನ್ನೂ ಯಾರೂ ರೊಟ್ಟಿ ಮುರಿದಿರಲಿಲ್ಲ. ಮುರಿಗೆಪ್ಪ ಎದ್ದು ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ರೊಟ್ಯಾಗ ಬಂದ ತಂತಿ ನನ್ನ ಜರಡೀದು. ನಾ ರಿಪೇರಿ ಮಾಡದ ಬಿಟ್ಟಿದ್ದೆ. ಭೀಮವ್ವನ ಮ್ಯಾಲ ಹಾಕಿದೆ. ಆಕೀದಲ್ಲ ತಪ್ಪು, ನಂದು."

ಯಾರ ಕೈಯೂ ರೊಟ್ಟಿಗೆ ಹೋಗಲಿಲ್ಲ.

ಭೀಮವ್ವ ತನ್ನ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು. ಹುಸೇನಸಾಬ ಮುರಿದ. ಆಮೇಲೆ ಎಲ್ಲರೂ.

ಸಂಜೆ ಅವನು ಅಜ್ಜನ ಹತ್ತಿರ ಬಂದು ಕುಳಿತ. ನದಿ ಸಣ್ಣಗೆ ಹರಿಯುತ್ತಿತ್ತು.

"ಭೀಮವ್ವ ಚೀಲ ಕಳಿಸ್ಯಾಳ್ರಿ. ಹಸನ ಮಾಡಿ ಕಳಿಸ್ಯಾಳ."

"ಛಲೋ ಆತು."

"ಎರಡೂ ಕಡೆ ಮ್ಯಾಗ್ನೆಟ್ ಕೂಡಿಸೀನ್ರಿ. ಹೊಸಾ ಜರಡಿ. ಆದ್ರೂ ಗಿರಣಿ ಚಾಲೂ ಮಾಡೂ ಮುಂದ ಮೂರು ಸಲ ಜರಡಿ ಮುಟ್ಟಿ ನೋಡ್ತೀನ್ರಿ. ಅಂಜಿಕಿ ಹೋಗವಲ್ದು."

"ಏನಂತ ಅಂಜಿಕಿ?"

"ಯಾರಿಗರ ಚುಚ್ಚೀತಂತ್ರಿ."

"ಮದಲ ಏನಂತ ಇತ್ತು?"

ಮುರಿಗೆಪ್ಪ ನೀರು ನೋಡುತ್ತ ಯೋಚಿಸಿದ.

"ಮಂದಿ ತಪ್ಪು ನಂದು ಅಂದಾರಂತ ಇತ್ರಿ."

ಅಜ್ಜ ಕೋಲು ಊರಿ ಎದ್ದರು.

"ಹಂಗಾರ ಈ ಅಂಜಿಕಿ ಇಟ್ಕೋ."