ಗಡಿಗೆಯ ತಳದ ಹೆಪ್ಪು

ಗುಡ್ಡದ ಚರ್ಚಿನಲ್ಲಿ ಉಳಿದಿದ್ದ ನಾಲ್ಕು ಮನೆಯವರು ಕಡೆಯ ಆರಾಧನೆ ಮುಗಿಸಿ, ಬಾಗಿಲಿಗೆ ಬೀಗ ಹಾಕಿ, ಪೇಟೆಯ ಸಭೆಯನ್ನು ಸೇರಿದರು. ಪಾದ್ರಿಯವರ ಹೆಂಡತಿ ಎಸ್ತೇರಮ್ಮ ತಮ್ಮ ಗಡಿಗೆಯ ತಳದಲ್ಲಿ ಒಂದಿಷ್ಟು ಮೊಸರನ್ನು ಹೆಪ್ಪಿಗೆಂದು ತಂದಿದ್ದರು.

ಪೇಟೆಯ ಸಭೆಯ ಅಡುಗೆಮನೆಯಲ್ಲಿ ಗಡಿಗೆ ಹೆಪ್ಪಿಗೆ ಹೇಳಿತು: "ಅಷ್ಟು ಹಾಲಿನಲ್ಲಿ ನಿನ್ನ ಹೆಸರೂ ಉಳಿಯದು. ನನ್ನಲ್ಲೇ ಇರು."

"ಇದ್ದರೆ ಹುಳಿಯಾಗಿ ಕೆಡುತ್ತೇನೆ," ಎಂದಿತು ಹೆಪ್ಪು.

ಒಲೆಯ ಮೇಲೆ ಉಕ್ಕುತ್ತಿದ್ದ ಹಾಲು, "ಬಾ, ಈಗಲೇ ಬೆರೆತುಬಿಡು!" ಎಂದು ಕರೆಯಿತು.

"ಈ ಬಿಸಿಗೆ ಬಂದರೆ ಇಬ್ಬರೂ ಒಡೆದುಹೋಗುತ್ತೇವೆ. ಮೊದಲು ನೀನು ಆರಬೇಕು," ಎಂದಿತು ಹೆಪ್ಪು.

ಎಸ್ತೇರಮ್ಮ ಬೆರಳದ್ದಿ ನೋಡಿ, ಹಾಲು ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿದರು.

ಬೆಳಿಗ್ಗೆ ಬರಿದಾದ ಗಡಿಗೆ ಕೂಗಿತು: "ಎಲೈ ಹಾಲೇ, ನನ್ನ ಹೆಪ್ಪು ಎಲ್ಲಿ?"

"ಯಾವ ಹಾಲು?" ಎಂದಿತು, ಪಾತ್ರೆ ತುಂಬಿದ್ದ ಮೊಸರು.